ಪದ ಬೇಕು: ‘ಲೇಟ್ ಸ್ಟೇಜ್’, ‘ಇನ್ಸಿಡೆನ್ಸ್ ರೇಟ್’ (ನಾಳೆ ಸಂಜೆಯೊಳಗೆ)

ತುಮಕೂರಿನಿಂದ:

ನಮ್ಮ ಪದಚರ್ಚೆಯ ಪಟ್ಟಿಯ ಎಲ್ಲರಿಗೂ ನಮಸ್ಕಾರ. ಜುಲೈ 28ರ ಹೆಪಟೈಟಿಸ್ (ಲಿವರಿನ ಉರಿಯೂತ) ದಿನಕ್ಕೆ ಇಲ್ಲೊಂದು ತಪಾಸಣೆ ಶಿಬಿರ ಇದೆ. ಫ್ಲೆಕ್ಸ್‌ಗಳ ಕನ್ನಡ ನಾನು ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಲಿವರ್ ಕ್ಯಾನ್ಸರ್ ತಡೆಯಲು ಬೂಷ್ಟು ಹಿಡಿದ ಕಡಲೆಕಾಯಿ ತಿನ್ನಬೇಡಿ, ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ತಪ್ಪಿಸಬೇಡಿ, ಇವೆಲ್ಲ ಸಲೀಸಾಗಿ ಆಯಿತು. ಒಂದು ನಕ್ಷೆಯ ತಲೆಬರಹ ಮಾತ್ರ ಸಿಕ್ಕಿಹಾಕಿಕೊಂಡಿದೆ. ಯಾವ ಪ್ರದೇಶದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಹೊಸದಾಗಿ ಲೇಟ್ ಸ್ಟೇಜ್ ಲಿವರ್ ಕ್ಯಾನ್ಸರ್ ಪತ್ತೆಯಾಯಿತು ಅಂತ ತೋರಿಸುವ ನಕ್ಷೆ. ನನಗೆ ಬಂದ ಕರಡು ಹೀಗಿದೆ: ‘ಅಂತಿಮ ಹಂತದ ಪಿತ್ತಜನಕಾಂಗ ಅರ್ಬುದದ ಪ್ರಾದೇಶಿಕ ಸಂಭವ ದರ’.

ನಮ್ಮ ಅತ್ತೆಗೆ ಓದಿ ಹೇಳಿದೆ. “ಯಾವ ಹೋಮಕ್ಕಪ್ಪಾ ಇದು?” ಅಂದರು.

ದಯವಿಟ್ಟು ಬೇಗ ಹೇಳಿ.

ಮಧುಗಿರಿಯಿಂದ:

ಅತ್ತೆಯವರು ಸರಿಯಾಗೇ ಹೇಳಿದ್ದಾರೆ. ಏಳು ಪದದಲ್ಲಿ ಹೆಚ್ಚಿನವು ಕನ್ನಡದ್ದಲ್ಲ.

ಲಿವರ್‌ಗೆ ‘ಈಲಿ’ ಇದೆ. ತಮಿಳಿನ ಈರಲ್ ನೋಡಿ, ಒಂದೇ ಬೇರು. ಕ್ಯಾನ್ಸರಿಗೆ ‘ಏಡಿಗಂತಿ’. ಗ್ರೀಕರ ಕಾರ್ಕಿನೋಸ್ ಅಂದರೂ ಏಡಿ, ಲ್ಯಾಟಿನ್ನಿನ ಕ್ಯಾನ್ಸರ್ ಅಂದರೂ ಏಡಿ. ಅವರು ಏಡಿ ಅನ್ನಬಹುದು, ನಾವು ಅಂದರೆ ನಗು ಬರುತ್ತದೆ ಅಲ್ವಾ? ‘ಈಲಿಯ ಏಡಿಗಂತಿ’ ಅಂತ ಹಾಕಿ. ಎರಡು ಸಲ ಓದಿದರೆ ಜನಕ್ಕೆ ಅಭ್ಯಾಸ ಆಗುತ್ತದೆ.

ಚಿಂತಾಮಣಿಯಿಂದ:

ಎರಡು ಸಲ ಓದಲಿಕ್ಕೆ ಅದೇನು ಕಗ್ಗವೇ? ಬಸ್ ಇಳಿದವರು ನಡೆದು ಹೋಗುತ್ತಾ ನೋಡುವ ಬೋರ್ಡು ಸ್ವಾಮಿ.

ನಮ್ಮ ಮನೆಯಲ್ಲಿ ತೆಲುಗು, ನಾವು ‘ಕಾರ್ಜಂ’ ಅನ್ನುತ್ತೇವೆ. ಪಕ್ಕದ ಮನೆಯ ಸಾಬರು ‘ಕಲೇಜಿ’ ಅನ್ನುತ್ತಾರೆ. ಮಟನ್ ಅಂಗಡಿಯಲ್ಲಿ ನಿಂತಾಗ ಎಲ್ಲರೂ “ಲಿವರ್ ಜಾಸ್ತಿ ಹಾಕಪ್ಪ” ಅಂತಲೇ ಕೇಳುವುದು. ಲಿವರ್ ಕ್ಯಾನ್ಸರ್ ಅಂತ ಬರೆಯಿರಿ. ಮುಗೀತು.

ಗೌರಿಬಿದನೂರಿನಿಂದ:

ಮಟನ್ ಅಂಗಡಿಯಿಂದ ಶಾಸ್ತ್ರದ ಪದ ತರುವುದಾದರೆ ಈ ಪಟ್ಟಿ ಯಾಕೆ ಬೇಕು?

‘ಯಕೃತ್’ ಅಂದರೆ ಸಾಕು. ಸಂಸ್ಕೃತದ ಯಕೃತ್, ಲ್ಯಾಟಿನ್ನಿನ ಯೆಕುರ್, ಗ್ರೀಕಿನ ಹೆಪಾರ್ ಮೂರೂ ಒಡಹುಟ್ಟಿದವು. ನಿಮ್ಮ ‘ಹೆಪಟೈಟಿಸ್’ ಹುಟ್ಟಿದ್ದೇ ಆ ಹೆಪಾರ್‌ನಿಂದ. ಹೆಪಟೈಟಿಸ್ ಬೋರ್ಡಿನಲ್ಲಿ ಯಕೃತ್ ಇದ್ದರೆ ಅಕ್ಕತಂಗಿಯರು ಒಂದೇ ಮನೆಯಲ್ಲಿ ಇದ್ದಂತೆ.

ಕೋಲಾರದಿಂದ:

ಅಕ್ಕತಂಗಿಯರ ವಿಷಯ ಆಮೇಲೆ. ಇಡೀ ಸಾಲಿನಲ್ಲಿ ಕೆಟ್ಟಿರುವುದು ‘ಇನ್ಸಿಡೆನ್ಸ್ ರೇಟ್’ಗೆ ಹಾಕಿರುವ ‘ಸಂಭವ ದರ’. ಅದನ್ನು ಯಾರೂ ಮುಟ್ಟಿಯೇ ಇಲ್ಲ.

‘ಸಂಭವ’ ಅಂದ ಕೂಡಲೇ ಜನ ‘ನನಗೆ ಬರಬಹುದು’ ಅಂತ ಓದುತ್ತಾರೆ. ಇಲ್ಲಿರುವುದು ಎಣಿಕೆ. ಮೂರು ಲಕ್ಷ ಜನ ಇರುವ ತಾಲ್ಲೂಕು ಅಂದುಕೊಳ್ಳಿ. ಒಂದು ವರ್ಷದಲ್ಲಿ ಒಂಬತ್ತು ಮಂದಿಗೆ ಹೊಸದಾಗಿ ಪತ್ತೆಯಾದರೆ, ಲಕ್ಷಕ್ಕೆ ಮೂರು. ಹೋದ ವರ್ಷ ಪತ್ತೆಯಾಗಿ ಇನ್ನೂ ಬದುಕಿರುವವರು ಇದರಲ್ಲಿ ಬರುವುದಿಲ್ಲ. ಅವರನ್ನೂ ಸೇರಿಸಿದರೆ ಅದು ಪ್ರಿವೆಲೆನ್ಸ್. ಕೆಲವರು ಇನ್ಸಿಡೆನ್ಸಿಗೂ ‘ಹರಡುವಿಕೆ’ ಅಂತ ಬರೆದುಬಿಡುತ್ತಾರೆ. ಕ್ಯಾನ್ಸರ್ ವಿಷಯದಲ್ಲಿ ಅದು ಎರಡು ತಪ್ಪು. ಅಂಟುರೋಗ ಅನ್ನಿಸುತ್ತದೆ, ಇಲ್ಲವೇ ಒಬ್ಬರ ಮೈಯಲ್ಲೇ ಬೇರೆ ಅಂಗಕ್ಕೆ ಹರಡಿತು ಅನ್ನಿಸುತ್ತದೆ.

2022ರಲ್ಲಿ ಪ್ರಪಂಚದಲ್ಲಿ ಲಿವರ್ ಕ್ಯಾನ್ಸರಿನ ಹೊಸ ರೋಗಿಗಳು 8.6 ಲಕ್ಷದ ಮೇಲೆ, ಸಾವು 7.5 ಲಕ್ಷದ ಮೇಲೆ. ಹೊಸದಾಗಿ ಎಷ್ಟು ಜನ ಬರುತ್ತಾರೋ ಹೆಚ್ಚುಕಡಿಮೆ ಅಷ್ಟೇ ಜನ ಹೋಗುತ್ತಿದ್ದಾರೆ. ಅದಕ್ಕೇ ‘ಹೊಸ’ ಅನ್ನುವ ಪದ ಇಲ್ಲಿ ಬೇಕೇ ಬೇಕು.

‘ದರ’ವೂ ಬೇಡ. ಎಪಿಎಂಸಿ ಮುಂದೆ ಟೊಮೆಟೊ ದರ ನೋಡಿ ಬಂದವನು ಕ್ಯಾನ್ಸರ್ ದರ ನೋಡಿ ಏನು ಅಂದುಕೊಳ್ಳಬೇಕು?

‘ಪ್ರಾದೇಶಿಕ’ದ ಬಗ್ಗೆ ಒಂದು ಮಾತು. ಕ್ಯಾನ್ಸರ್ ನೋಂದಣಿಯಲ್ಲಿ ಲೆಕ್ಕ ಹಿಡಿಯುವುದು ರೋಗಿಯ ಮನೆ ಇರುವ ಊರನ್ನು. ತುಮಕೂರಿನವರು ಬೆಂಗಳೂರಿನ ಆಸ್ಪತ್ರೆಗೆ ಹೋದರೂ ಅವರು ತುಮಕೂರಿನ ಲೆಕ್ಕಕ್ಕೇ ಸೇರಬೇಕು. ಆದ್ದರಿಂದ ‘ಜಿಲ್ಲಾವಾರು’, ‘ಪ್ರದೇಶವಾರು’ ಅಂದರೆ ಸ್ಪಷ್ಟ.

ಮಧುಗಿರಿಯಿಂದ:

> ‘ಜಿಲ್ಲಾವಾರು’, ‘ಪ್ರದೇಶವಾರು’ ಅಂದರೆ ಸ್ಪಷ್ಟ

ಜಿಲ್ಲೆ ಅರಬ್ಬಿ. ವಾರು ಪಾರ್ಸಿ. ‘ದರ’ ತೆಗೆದು ಇದನ್ನು ಒಳಗೆ ಬಿಟ್ಟಿರಿ. ಒಂದು ಬಾಗಿಲು ಹಾಕಿ ಎರಡು ಕಿಟಕಿ ತೆರೆದ ಹಾಗಾಯಿತು. ‘ಎಡೆಯೆಡೆಯ’ ಅನ್ನಬಹುದಲ್ಲ?

ಕೋಲಾರದಿಂದ:

ತಾಲ್ಲೂಕೂ ಅರಬ್ಬಿ. ನೀವು ಯಾವ ತಾಲ್ಲೂಕಿನಲ್ಲಿ ಇದ್ದೀರಿ ಅಂತ ಹೇಳಿ, ಅದಕ್ಕೊಂದು ಪದ ಹುಡುಕಿ, ಆಮೇಲೆ ಮಾತಾಡೋಣ.

ಶ್ರೀನಿವಾಸಪುರದಿಂದ:

ನಾನು ಇಲ್ಲಿ ಬರೆಯುವುದು ಕಡಿಮೆ. ‘ಅಂತಿಮ ಹಂತ’ ನೋಡಿ ಸುಮ್ಮನಿರಲು ಆಗಲಿಲ್ಲ.

ನಮ್ಮ ದೊಡ್ಡಪ್ಪನಿಗೆ ಇದೇ ಕಾಯಿಲೆ. ಒಂದು ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಅಡ್ವಾನ್ಸ್ಡ್’ ಅಂತ ಇತ್ತು. ಅಲ್ಲಿದ್ದವರೊಬ್ಬರು ಅದನ್ನೇ ‘ಕೊನೇ ಹಂತ’ ಅಂತ ಹೇಳಿ ಕಳಿಸಿದರು. ಮನೆಗೆ ಕರೆದುಕೊಂಡು ಬಂದು ಹಾಲ್‌ನಲ್ಲಿ ಮಂಚ ಹಾಕಿದೆವು. ನೆಂಟರೆಲ್ಲ ನೋಡಲು ಬಂದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಜನ್ ಬಾಳೆಹಣ್ಣು. ಮೂರು ವಾರ ಆದಮೇಲೆ ಬೇರೆ ಡಾಕ್ಟರು ಚೀಟಿ ನೋಡಿ, ಇದಕ್ಕೆ ಮಾತ್ರೆ ಇದೆಯಲ್ಲಮ್ಮ, ಯಾಕೆ ತಡ ಮಾಡಿದಿರಿ ಅಂದರು. ಲಿವರ್ ಕ್ಯಾನ್ಸರಿನ ಹಂತ ಹೇಳಲು ಬಾರ್ಸಿಲೋನಾ ಪಟ್ಟಿ ಅಂತ ಒಂದಿದೆಯಂತೆ, 1999ರದ್ದು. ಅದರಲ್ಲಿ ‘ಸಿ’ ಅಂದರೆ ಅಡ್ವಾನ್ಸ್ಡ್, ‘ಡಿ’ ಅಂದರೆ ಕೊನೆಯದು. ದೊಡ್ಡಪ್ಪ ‘ಸಿ’ಯಲ್ಲಿದ್ದರು. ನಾವು ‘ಡಿ’ ಅಂದುಕೊಂಡು ಕೂತಿದ್ದೆವು.

‘ಮುಂದುವರಿದ ಹಂತ’ವೂ ಬೇಡ. ಮುಂದುವರಿದ ದೇಶ ಅಂದ ಹಾಗೆ ಏನೋ ಒಳ್ಳೆಯದು ಅನ್ನಿಸುತ್ತದೆ.

ನಮ್ಮದು ಮಾವಿನ ಊರು. ಕಾಯಿ ಬಲಿತಿದೆ ಅಂದರೆ ಎಳೆಯದಲ್ಲ, ಕೀಳುವ ಹೊತ್ತು. ಆದರೆ ಇನ್ನೂ ಹಣ್ಣಾಗಿಲ್ಲ, ಉದುರಿಲ್ಲ. ಕಾಯಿಲೆಗೂ ನಾವು ಹಾಗೇ ಹೇಳುವುದು: ‘ಬಲಿತ ಮೇಲೆ ಗೊತ್ತಾಯಿತು’. ‘ಬಲಿತ ಕ್ಯಾನ್ಸರ್’ ಅಂತ ಹಾಕಬಹುದೇ?

ಗೌರಿಬಿದನೂರಿನಿಂದ:

‘ಬಲಿತ’ ಚೆನ್ನಾಗಿದೆ, ಒಪ್ಪಿದೆ. ಆದರೆ ‘ಬಲ’ ಸಂಸ್ಕೃತ ಅನ್ನುವುದನ್ನು ಮಧುಗಿರಿಯವರ ಗಮನಕ್ಕೆ ತರುತ್ತೇನೆ.

ಮಧುಗಿರಿಯಿಂದ:

‘ಬಲಿ’ ಕನ್ನಡದ್ದೇ ಧಾತು, ತಮಿಳಿನ ‘ವಲಿ’ ಜೊತೆಯದು. ಅದಕ್ಕೂ ನಿಮ್ಮ ‘ಬಲ’ಕ್ಕೂ ಗಂಟು ಹಾಕಬೇಡಿ. ಹಾಕಲೇಬೇಕೆಂದರೆ ಸಂಸ್ಕೃತವೇ ನಮ್ಮಿಂದ ತೆಗೆದುಕೊಂಡಿತು ಅನ್ನಿ. 1894ರ ಕಿಟ್ಟೆಲ್ ನಿಘಂಟಿನ ಮುನ್ನುಡಿ ಓದಿ, ಸಂಸ್ಕೃತಕ್ಕೆ ಹೋದ ದ್ರಾವಿಡ ಪದಗಳ ಪಟ್ಟಿಯೇ ಇದೆ.

ಅಂದ ಹಾಗೆ, ಶ್ರೀನಿವಾಸಪುರದವರ ಪದಕ್ಕೆ ನನ್ನ ತಕರಾರಿಲ್ಲ.

ಗೌರಿಬಿದನೂರಿನಿಂದ:

‘ತಕರಾರು’ ಯಾವ ಭಾಷೆ?

ಕೋಲಾರದಿಂದ:

ಇಬ್ಬರೂ ಬೇರೆ ಎಳೆ ಶುರು ಮಾಡಿಕೊಳ್ಳಿ.

ತುಮಕೂರಿನವರೇ, ಒಂದು ಎಚ್ಚರ. ಹೊಸ ರೋಗಿಗಳಲ್ಲಿ ಬಲಿತ ಮೇಲೆ ಬಂದವರ ಪಾಲು ಬೇರೆ, ಲಕ್ಷ ಜನಕ್ಕೆ ಬಲಿತವು ಎಷ್ಟು ಅನ್ನುವುದು ಬೇರೆ. ಹತ್ತು ಮಂದಿ ಬಂದು ಎಂಟು ಬಲಿತಿದ್ದರೆ ಪಾಲು ದೊಡ್ಡದು. ಆದರೆ ಆ ಹತ್ತು ಇಡೀ ಜಿಲ್ಲೆಯದಾದರೆ ಲಕ್ಷದ ಲೆಕ್ಕ ಚಿಕ್ಕದೇ. ಸ್ಕ್ಯಾನ್ ಇಲ್ಲದ ಕಡೆ ಪತ್ತೆಯೇ ಆಗದೆ ತೀರಿಕೊಂಡವರು ಎರಡರಲ್ಲೂ ಸೇರುವುದಿಲ್ಲ. ನಕ್ಷೆಯಲ್ಲಿ ತಿಳಿ ಬಣ್ಣ ಇದ್ದ ಮಾತ್ರಕ್ಕೆ ಕಾಯಿಲೆ ಕಡಿಮೆ ಅಂತ ಅಲ್ಲ. ಜಾಗ ಇದ್ದರೆ ಕೆಳಗೆ ಒಂದು ಸಾಲು ಹಾಕಿ.

ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ಅನ್ನುವ ಆಸೆ ಬಿಟ್ಟು ವಾಕ್ಯವನ್ನೇ ಬರೆದೆ:

‘ಬಲಿತ ಮೇಲೆ ಪತ್ತೆಯಾದ ಲಿವರ್ ಕ್ಯಾನ್ಸರ್: ಯಾವ ಪ್ರದೇಶದಲ್ಲಿ ವರ್ಷಕ್ಕೆ ಎಷ್ಟು ಹೊಸ ರೋಗಿಗಳು? (ಲಕ್ಷಕ್ಕೆ)’

ಕೆಳಗೆ ಸಣ್ಣದಾಗಿ: ‘ತಪಾಸಣೆ ಕಡಿಮೆ ಇರುವ ಕಡೆ ಲೆಕ್ಕವೂ ಕಡಿಮೆ ಬರುತ್ತದೆ.’

ಅತ್ತೆಗೆ ಓದಿದೆ. “ಎಳೆಯದಿದ್ದಾಗಲೇ ತೋರಿಸ್ಕೋಬೇಕು ಅಂತ ತಾನೇ?” ಅಂದರು. ಇವತ್ತು ಸಂಜೆ ಕೊಡುತ್ತಿದ್ದೇನೆ.

ಚಿಂತಾಮಣಿಯಿಂದ:

‘ಲಕ್ಷಕ್ಕೆ’ ಅಲ್ಲ, ‘ಲಕ್ಷ ಜನರಲ್ಲಿ’ ಅಂತ ಹಾಕಿ. ಇಲ್ಲದಿದ್ದರೆ ಆಪರೇಷನ್ ಖರ್ಚು ಅಂದುಕೊಂಡು ಬಸ್ ಹತ್ತಿ ಹೋಗಿಬಿಡುತ್ತಾರೆ.