ಭೂಫಲಕ ಡಿಕ್ಕಿಯ ಮರಳು ಮಾದರಿ: ತಳ್ಳಿದರೂ ಒಳಗೆ ಸ್ತರಭಂಗ ಮೂಡುತ್ತಿಲ್ಲ

ಪ್ರಶ್ನೆ:
ಗಾಜಿನ ಪೆಟ್ಟಿಗೆ 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ತುಸು ತೇವದ ಮರಳು, 3 ಸೆಂ.ಮೀ. ದಪ್ಪ. ಹಲಗೆಯಿಂದ ತಳ್ಳಿದರೆ ಮರಳೆಲ್ಲ ಒಂದೇ ಹೆಂಟೆಯಾಗಿ ಸರಿದು ಮೇಲೆ ಬಿರುಕು ಬಿಡುತ್ತದೆ. ಓರೆ ಸ್ತರಭಂಗವೂ (ಪದರಗಳು ಮುರಿದು ಜರುಗಿದ ಸೀಳು) ಇಲ್ಲ, ಭೂಕಂಪದಂಥ ಜಿಗಿತವೂ ಇಲ್ಲ.

ಉತ್ತರ 1:
ತಪ್ಪು ತೇವದ್ದು. ನೀರು ಕಣಗಳನ್ನು ಅಂಟಿಸುತ್ತದೆ. ಇಷ್ಟು ಚಿಕ್ಕ ಅಳತೆಗೆ ಆ ಅಂಟು ವಿಪರೀತ. ಮರಳನ್ನು ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿಸಿ, ಅರ್ಧ ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. 5 ಮಿ.ಮೀ. ದಪ್ಪದ ಪದರಗಳು, ಒಂದು ಬಿಟ್ಟು ಒಂದು ಬಣ್ಣದ್ದು. ಜರಡಿಯಿಂದಲೇ ಉದುರಿಸಿ. ಬಕೆಟ್ಟಿನಿಂದ ಸುರಿದ ಮರಳು ಸಡಿಲವಾಗಿ ಕೂತು ಗೆರೆ ಮಸುಕಾಗುತ್ತದೆ.

ಮೊದಲ ಥ್ರಸ್ಟ್, ಅಂದರೆ ಒತ್ತಿದಾಗ ಒಂದು ಬದಿ ಇನ್ನೊಂದರ ಮೇಲೇರುವ ಓರೆ ಸ್ತರಭಂಗ, ಹಲಗೆಯ ಬುಡದಿಂದ ಏಳಬೇಕು. ಮರಳಿನ ಘರ್ಷಣ ಕೋನದ (ಕಣಗಳ ನಡುವಿನ ಉಜ್ಜಾಟವನ್ನು ಹೇಳುವ ಕೋನ) ಅರ್ಧವನ್ನು 45°ಯಿಂದ ಕಳೆದರೆ ಅದರ ಓರೆ ಸಿಗುತ್ತದೆ: ಘರ್ಷಣ ಕೋನ 30° ಇದ್ದರೆ ಓರೆಯೂ 30°. ಇನ್ನೂ ತಳ್ಳಿ, ಅದರ ಮುಂದೆ ಹೊಸದೊಂದು ಹುಟ್ಟುತ್ತದೆ, ಹಳೆಯದು ಅದರ ಬೆನ್ನೇರಿ ಕಡಿದಾಗುತ್ತದೆ. ಹಿಮಾಲಯದಲ್ಲೂ ಇದೇ ಸರದಿ: ಉತ್ತರದ ಮೇನ್ ಸೆಂಟ್ರಲ್ ಥ್ರಸ್ಟ್ ಹಳೆಯದು, ಆಮೇಲೆ ಮೇನ್ ಬೌಂಡರಿ, ದಕ್ಷಿಣದ ಅಂಚಿನ ಮೇನ್ ಫ್ರಂಟಲ್ ಎಲ್ಲಕ್ಕಿಂತ ಎಳೆಯದು.

ಉತ್ತರ 2:
ಗಾಜಿಗೆ ಅಂಟಿದ ಭಾಗವನ್ನು ನಂಬಬೇಡಿ, ಅಲ್ಲಿ ಉಜ್ಜಾಟದಿಂದ ಗೆರೆ ಬಾಗುತ್ತದೆ. ತಳ್ಳಿ ಮುಗಿದ ಮೇಲೆ ನೀರು ಚಿಮುಕಿಸಿ ನಡುವೆ ಕೊಯ್ದು ನೋಡಿ. ಆಗ ಮಾತ್ರ ತೇವ ಬೇಕು!

ಪ್ರಶ್ನೆ ಕೇಳಿದವರು:
ಮೂರು ಥ್ರಸ್ಟ್ ಬಂದವು, ಮೊದಲನೆಯದು ಮೂಡಿದಾಗ 31°. ಜಿಗಿತ ಮಾತ್ರ ಇಲ್ಲ.

ಉತ್ತರ 1:
ಈ ಪೆಟ್ಟಿಗೆಯಲ್ಲಿ ಅದು ಬರುವುದಿಲ್ಲ. ಜಿಗಿತಕ್ಕೆ ಒತ್ತಡ ಕೂಡಿಟ್ಟುಕೊಳ್ಳುವ ಸ್ಪ್ರಿಂಗ್‌ನಂಥದ್ದು ಬೇಕು. ಅದನ್ನು ಬೇರೆಯಾಗಿ ಮಾಡಿ: ಒಂದು ಮಟ್ಟಸ ಹಲಗೆಗೂ ಒಂದು ಇಟ್ಟಿಗೆಯ ತಳಕ್ಕೂ ಉಜ್ಜು ಕಾಗದ ಅಂಟಿಸಿ, ಇಟ್ಟಿಗೆಯನ್ನು ಹಲಗೆಯ ಮೇಲಿಟ್ಟು, ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಒಂದೇ ವೇಗದಲ್ಲಿ ನಿಧಾನ ಎಳೆಯಿರಿ. ರಬ್ಬರ್ ಹಿಗ್ಗುತ್ತದೆ, ಇಟ್ಟಿಗೆ ಅಲ್ಲಾಡದು, ಆಮೇಲೆ ಒಮ್ಮೆಲೇ ಟಕ್ ಎಂದು ಜಾರುತ್ತದೆ. ರಬ್ಬರ್ ಬದಲು ದಾರ ಕಟ್ಟಿದರೆ ಜಿಗಿತ ಕಾಣುವುದಿಲ್ಲ.

ಹಿಮಾಲಯದಡಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಜಾರಿಕೆ ಹೀಗೆ ಬಾಕಿಯಾಗಿ ಜಮೆಯಾಗುತ್ತದೆ, ನೂರು ವರ್ಷಕ್ಕೆ 2 ಮೀಟರ್. 2015ರ ನೇಪಾಳದ 7.8 ತೀವ್ರತೆಯ ಕಂಪನದಲ್ಲಿ ಜಾರಿಕೆ ಮೇಲ್ಮೈ ಮುಟ್ಟದೆ ಆಳದಲ್ಲೇ ನಿಂತಿತು.

ಪ್ರತಿ ಜಿಗಿತಕ್ಕೆ ಮುಂಚೆ ರಬ್ಬರ್ ಎಷ್ಟು ಹಿಗ್ಗಿತ್ತು ಎಂದು ಸ್ಕೇಲಿಟ್ಟು ಬರೆದಿಡಿ. ಹತ್ತು ಸಲ ಅಳೆದರೂ ಒಂದೇ ಅಂಕಿ ಬರುವುದಿಲ್ಲ, ಅದು ಉಪಕರಣದ ದೋಷವಲ್ಲ.