‘ಹೊಂದಾಣಿಕೆ’, ‘ಬೆಂಬಲ’, ‘ಆವೃತ್ತಿ’: ಆಡಿಯೊ ತಂತ್ರಾಂಶದ ಬರಹದಲ್ಲಿ ಯಾವುದು ಎಲ್ಲಿ?

ಪ್ರಶ್ನೆ: ರೆಕಾರ್ಡಿಂಗ್ ತಂತ್ರಾಂಶದ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಏನು ನಡೆಯುತ್ತದೆ ಎಂದು ಹೇಳುವಲ್ಲೆಲ್ಲ ಕರಡಿನಲ್ಲಿ ‘ಹೊಂದಾಣಿಕೆ ಇದೆ’, ‘ಹೊಂದಾಣಿಕೆ ಇಲ್ಲ’ ಎಂದಿದೆ. ‘ಬೆಂಬಲವಿಲ್ಲ’ ಎಂದರೆ ಸಾಲದೇ? ‘ಹಿಮ್ಮುಖ ಹೊಂದಾಣಿಕೆ’ ಎಂಬ ಪದ ಓದುಗರಿಗೆ ಅರ್ಥವಾದೀತೇ?

ಉತ್ತರ: ‘ಬೆಂಬಲ’ ಬೇರೆ, ‘ಹೊಂದಿಕೆ’ (ನಿಮ್ಮ ಕರಡಿನ ‘ಹೊಂದಾಣಿಕೆ’) ಬೇರೆ. ಇವೆರಡನ್ನೂ ಬಿಟ್ಟು ‘ಓಡುತ್ತದೆ’ ಎಂಬುದು ಮತ್ತೂ ಬೇರೆ. ಮೂರನ್ನೂ ಒಂದೇ ಪದಕ್ಕೆ ತುರುಕಿದರೆ ಓದುಗ ಎಲ್ಲಿ ಕೈಹಾಕಬೇಕೆಂದು ತಿಳಿಯದೆ ಒದ್ದಾಡುತ್ತಾನೆ.

ಬೆಂಬಲ ಎನ್ನುವುದು ತಯಾರಕರು ಕೊಡುವ ಮಾತು: ಈ ಸಿಸ್ಟಮ್‌ನಲ್ಲಿ ಪರೀಕ್ಷಿಸಿದ್ದೇವೆ, ದೋಷ ಕಂಡರೆ ತಿದ್ದುತ್ತೇವೆ ಎಂದು. ಆ ಮಾತು ಹಿಂತೆಗೆದ ಮೇಲೂ ತಂತ್ರಾಂಶ ಓಡುತ್ತಿರಬಹುದು. ಸ್ಟೈನ್‌ಬರ್ಗ್ ಸಂಸ್ಥೆ ತನ್ನ ಹಳೆಯ ಪ್ಲಗಿನ್ ಮಾದರಿಯಾದ ವಿಎಸ್‌ಟಿ2ರ ಅಭಿವೃದ್ಧಿ ಕಿಟ್ಟನ್ನು 2018ರಲ್ಲಿ ನಿಲ್ಲಿಸಿತು. (ಪ್ಲಗಿನ್ ಎಂದರೆ ರೆಕಾರ್ಡಿಂಗ್ ತಂತ್ರಾಂಶದೊಳಗೆ ಸೇರಿಸುವ ಪುಟ್ಟ ತಂತ್ರಾಂಶ; ಅದನ್ನು ತೆರೆಯುವ ಮುಖ್ಯ ತಂತ್ರಾಂಶವೇ ಹೋಸ್ಟ್.) ಆ ಮಾದರಿಯ ಪ್ಲಗಿನ್‌ಗಳು ಎಷ್ಟೋ ಹೋಸ್ಟ್‌ಗಳಲ್ಲಿ ಇಂದಿಗೂ ನಡೆಯುತ್ತವೆ. ಹಾಗಾಗಿ ‘ಬೆಂಬಲವಿಲ್ಲ’ ಎಂದು ಬರೆದು ‘ಓಡುವುದಿಲ್ಲ’ ಎಂದು ಓದಿಸಬಾರದು.

ಹೊಂದಿಕೆಯ ಮಾತು ಬಂದಾಗ ಯಾವುದಕ್ಕೆ ಯಾವುದು ಹೊಂದುವುದಿಲ್ಲ ಎಂದು ಎರಡು ತುದಿಯನ್ನೂ ಹೇಳಲೇಬೇಕು. 32-ಬಿಟ್ ಪ್ಲಗಿನ್‌ನ ವಿಷಯವನ್ನೇ ನೋಡಿ. ಹಳೆಯ 32-ಬಿಟ್, ಇಂದಿನ 64-ಬಿಟ್ ಎಂಬವು ಕೋಡ್‌ನ ಎರಡು ಬಗೆ. 64-ಬಿಟ್ ವಿಂಡೋಸ್ 32-ಬಿಟ್ ಪ್ರೋಗ್ರಾಮನ್ನು ಓಡಿಸುತ್ತದೆ. ಆದರೆ ಒಂದೇ ಪ್ರೋಸೆಸ್‌ನೊಳಗೆ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಮಿನೊಳಗೆ, ಎರಡೂ ಬಗೆಯ ಕೋಡ್ ಲೋಡ್ ಆಗದು. 64-ಬಿಟ್ ಹೋಸ್ಟ್ ಸ್ಕ್ಯಾನ್ ಮಾಡುವಾಗ ಆ ಪ್ಲಗಿನ್ ಪಟ್ಟಿಗೇ ಬರುವುದಿಲ್ಲ. ಅದನ್ನು ಬೇರೆ ಪ್ರೋಸೆಸ್‌ನಲ್ಲಿ ಓಡಿಸಿ ಧ್ವನಿಯನ್ನು ಹೋಸ್ಟ್‌ಗೆ ದಾಟಿಸುವ ಬ್ರಿಡ್ಜ್ ಬೇಕು. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಇದು ಒಳಗೇ ಇದೆ. ಮ್ಯಾಕ್‌ನಲ್ಲಿ ಕಥೆ ಬೇರೆ: 2019ರ ಮ್ಯಾಕ್ ಆಪರೇಟಿಂಗ್ ಸಿಸ್ಟಮ್ ಕ್ಯಾಟಲಿನಾ, ಅಂದರೆ 10.15, 32-ಬಿಟ್ ಪ್ರೋಗ್ರಾಮುಗಳನ್ನೇ ಕೈಬಿಟ್ಟಿತು. ಬ್ರಿಡ್ಜ್‌ಗೂ ಅಲ್ಲಿ ನೆಲೆಯಿಲ್ಲ. ಎರಡು ಕಡೆಗೂ ‘ಹೊಂದಾಣಿಕೆ ಇಲ್ಲ’ ಎಂದರೆ ದಾರಿಯಿರುವವನಿಗೂ ದಾರಿ ಮುಚ್ಚಿದಂತೆ. ವಿಂಡೋಸ್‌ಗೆ ‘64-ಬಿಟ್ ಹೋಸ್ಟ್‌ನಲ್ಲಿ ನೇರವಾಗಿ ತೆರೆಯದು, ಬ್ರಿಡ್ಜ್ ಬೇಕು’ ಎಂದೂ, ಮ್ಯಾಕ್‌ಗೆ ‘ಕ್ಯಾಟಲಿನಾದಿಂದೀಚೆಗೆ ಓಡುವುದೇ ಇಲ್ಲ’ ಎಂದೂ ಬರೆಯಿರಿ.

ಇಂಟೆಲ್ ಬದಲು ಆಪಲ್‌ನದೇ ಚಿಪ್ ಇರುವ ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲೂ ಇದೇ ಸೂಕ್ಷ್ಮವಿದೆ. ಇಂಟೆಲ್‌ಗಾಗಿ ಮಾತ್ರ ತಯಾರಾದ ವಿಎಸ್‌ಟಿ3 (ವಿಎಸ್‌ಟಿ2ರ ನಂತರದ ಮಾದರಿ) ಪ್ಲಗಿನ್ ಕಾಣಿಸದಿದ್ದರೆ ಹೋಸ್ಟನ್ನೇ ರೊಸೆಟ್ಟಾದಲ್ಲಿ, ಅಂದರೆ ಇಂಟೆಲ್ ಕೋಡನ್ನು ಹೊಸ ಚಿಪ್‌ಗೆ ಮಾರ್ಪಡಿಸಿ ಓಡಿಸುವ ಆಪಲ್‌ನ ವ್ಯವಸ್ಥೆಯಲ್ಲಿ, ತೆರೆದು ನೋಡಬಹುದು: ಹೋಸ್ಟನ್ನು ಪೂರ್ತಿ ಮುಚ್ಚಿ, ಫೈಂಡರ್‌ನಲ್ಲಿ ಅದನ್ನು ಆರಿಸಿ, ‘ಗೆಟ್ ಇನ್ಫೋ’ ತೆರೆದು, ‘ಓಪನ್ ಯೂಸಿಂಗ್ ರೊಸೆಟ್ಟಾ’ಕ್ಕೆ ಗುರುತು ಹಾಕಿ, ಮತ್ತೆ ತೆರೆದು ಪ್ಲಗಿನ್‌ಗಳನ್ನು ಮರುಸ್ಕ್ಯಾನ್ ಮಾಡುವುದು. ಮೆನುವಿನ ಹೆಸರುಗಳನ್ನು ಅನುವಾದಿಸಬೇಡಿ. ಪರದೆಯ ಮೇಲೆ ಕಾಣುವುದನ್ನೇ ಕನ್ನಡ ಲಿಪಿಯಲ್ಲಿ ಕೊಡಿ.

ಇನ್ನು ತಂತ್ರಾಂಶ ಚೆನ್ನಾಗಿಯೇ ತೆರೆದುಕೊಂಡು ಧ್ವನಿ ಮಾತ್ರ ಬಾರದಿರುವುದು. 2018ರ ಮೊಹಾವೆಯಿಂದ ಮ್ಯಾಕ್‌ನಲ್ಲಿ ಮೈಕ್ ಬಳಸಲು ಅನುಮತಿ ಬೇಕು. ಅನುಮತಿ ನಿರಾಕರಿಸಿದ್ದರೆ ರೆಕಾರ್ಡಿಂಗ್ ಓಡುತ್ತದೆ, ಸಮಯ ಮುಂದೆ ಸಾಗುತ್ತದೆ, ಟ್ರ್ಯಾಕ್‌ನಲ್ಲಿ ಬರೀ ನೇರ ಗೆರೆ. ಇದನ್ನು ‘ಹೊಂದಾಣಿಕೆ ಸಮಸ್ಯೆ’ ಎಂದು ಕರೆದರೆ ಓದುಗ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತ ಕೂರುತ್ತಾನೆ. ‘ಮೈಕ್‌ಗೆ ಅನುಮತಿ ಸಿಕ್ಕಿಲ್ಲ’ ಎಂದರೆ ಪ್ರೈವಸಿ ಸೆಟ್ಟಿಂಗ್ಸ್‌ಗೆ ಹೋಗುತ್ತಾನೆ. ಡ್ರೈವರ್, ಅಂದರೆ ಮೈಕ್ ಜೋಡಿಸುವ ಆಡಿಯೊ ಇಂಟರ್‌ಫೇಸ್‌ನಂಥ ಸಾಧನವನ್ನು ಸಿಸ್ಟಮ್‌ಗೆ ಬೆಸೆಯುವ ತಂತ್ರಾಂಶದ ವಿಷಯವೂ ಪ್ರತ್ಯೇಕ. 64-ಬಿಟ್ ವಿಂಡೋಸ್ ಹಳೆಯ 32-ಬಿಟ್ ಪ್ರೋಗ್ರಾಮನ್ನು ಒಪ್ಪಿದರೂ 32-ಬಿಟ್ ಡ್ರೈವರನ್ನು ಒಪ್ಪುವುದಿಲ್ಲ. ಅಲ್ಲಿ ‘ಈ ಇಂಟರ್‌ಫೇಸ್‌ಗೆ 64-ಬಿಟ್ ಡ್ರೈವರ್ ಬೇಕು’ ಎಂದರಾಯಿತು.

‘ಹೊಂದಾಣಿಕೆ’ ಪದಕ್ಕೇ ಒಂದು ತೊಡಕಿದೆ. ಚುನಾವಣಾ ಹೊಂದಾಣಿಕೆ, ಹೊಂದಾಣಿಕೆ ಮಾಡಿಕೊಂಡು ಹೋಗು ಎನ್ನುವಾಗ ಇಬ್ಬರೂ ಒಂದಿಷ್ಟು ಬಿಟ್ಟುಕೊಡುವ ಅರ್ಥ ಬರುತ್ತದೆ. ಯಂತ್ರದ ಭಾಗಗಳು ಬಿಟ್ಟುಕೊಡುವುದಿಲ್ಲ. ಹೊಂದುತ್ತವೆ, ಇಲ್ಲವೇ ಇಲ್ಲ. ನಾಮಪದವೇ ಬೇಕಿದ್ದರೆ ‘ಹೊಂದಿಕೆ’ ಮೇಲು, ಕ್ರಿಯಾಪದ ಇನ್ನೂ ಮೇಲು.

‘ಹಿಮ್ಮುಖ ಹೊಂದಾಣಿಕೆ’ ಬೇಡವೇ ಬೇಡ. ಯಾವುದು ಯಾವುದರತ್ತ ಮುಖ ಮಾಡಿದೆ ಎಂದೇ ತಿಳಿಯದು. ‘ಹಳೆಯದರಲ್ಲಿ ಉಳಿಸಿದ ಪ್ರಾಜೆಕ್ಟ್ ಹೊಸದರಲ್ಲಿ ತೆರೆಯುತ್ತದೆ, ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯದು’ ಎಂದು ಬಿಡಿಸಿ ಬರೆಯಿರಿ. ಏಬಲ್ಟನ್ ಲೈವ್‌ನಂಥ ಸಂಗೀತ ತಂತ್ರಾಂಶಗಳ ನಡಾವಳಿ ಹೀಗೆಯೇ. ಹಳೆಯ ಯಂತ್ರಕ್ಕೆ ಕೆಲಸ ಒಯ್ಯಬೇಕಾದವರಿಗೆ, ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದಲೇ ಶುರುವಾಗುವಂತೆ 24-ಬಿಟ್ ವೇವ್ ಫೈಲಾಗಿ ತೆಗೆಯಿರಿ ಎಂಬ ಸಾಲನ್ನೂ ಅಲ್ಲೇ ಸೇರಿಸಿ. ಎಲ್ಲವೂ ಒಂದೇ ಬಿಂದುವಿನಿಂದ ಹೊರಟರೆ ತಾಳ ತಪ್ಪುವುದಿಲ್ಲ.

ಕೊನೆಯದಾಗಿ, ನೀವು ಕೇಳದ ‘ಆವೃತ್ತಿ’. ಆಡಿಯೊ ಬರಹದಲ್ಲಿ ಇದು ನಿಜಕ್ಕೂ ಅಪಾಯಕಾರಿ, ಏಕೆಂದರೆ ಕಂಪನದ ಎಣಿಕೆಗೂ ಇದೇ ಪದ ಬಳಕೆಯಲ್ಲಿದೆ. ‘ಹೆಚ್ಚಿನ ಆವೃತ್ತಿಯಲ್ಲಿ ಧ್ವನಿ ಕಡಿಮೆಯಾಗುತ್ತದೆ’ ಎಂದರೆ ಹೊಸ ಸಿಸ್ಟಮ್‌ನಲ್ಲೋ, 10,000 ಹರ್ಟ್ಜ್‌ನ ಆಚೆಗೋ? ತಂತ್ರಾಂಶಕ್ಕೆ ‘ಆವೃತ್ತಿ’, ಹರ್ಟ್ಜ್‌ಗೆ ‘ಆವರ್ತನ’ ಎಂದು ಮೊದಲ ಪುಟದಲ್ಲೇ ಗೊತ್ತುಮಾಡಿ. ‘32-ಬಿಟ್ ಆವೃತ್ತಿ’ ಎಂದೂ ಬರೆಯಬೇಡಿ. ಒಂದೇ ಆವೃತ್ತಿ ಎರಡೂ ಬಿಟ್‌ಗಳಲ್ಲಿ ಸಿಗುವುದುಂಟು. ಬರೀ ‘32-ಬಿಟ್‌ನದು’ ಎಂದರೆ ಸಾಕು.