ಬೆಂಕಿ ಸೀಸನ್‌ನಲ್ಲಿ ಟ್ರೇಲ್ (ಕಾಡಿನ ಸೈಕಲ್ ದಾರಿ) ಮುಚ್ಚಿದಾಗ ನೀವೆಲ್ಲ ಏನು ಮಾಡಿದಿರಿ? ಅನುಭವ ಹೇಳಿ

ಫಾಲ್ಸಮ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಫಾಲ್ಸಮ್‌ಗೆ ಬಂದು ಎರಡು ವರ್ಷ ಆಯಿತು. ಮಾರ್ಚ್‌ನಲ್ಲಿ ನನಗೂ 12 ವರ್ಷದ ಮಗನಿಗೂ ಮೌಂಟನ್ ಬೈಕ್ ತಗೊಂಡೆ. ಎರಡೂ ಸೇರಿ 4,700 ಡಾಲರ್. ಸೆಪ್ಟೆಂಬರ್ ಎರಡನೇ ವಾರ ಸಿಯೆರಾ ಬೆಟ್ಟದ ಡೌನೀವಿಲ್‌ಗೆ ಸೈಕಲ್ ಹೊಡೆಯಲು ನಾಲ್ಕು ದಿನ ಹೋಗುವ ಆಸೆ. ಕ್ಯಾಬಿನ್‌ನವರು ಪೂರ್ತಿ ದುಡ್ಡು ಈಗಲೇ ಕಟ್ಟಿ, ವಾಪಸ್ ಕೊಡೋದಿಲ್ಲ ಅನ್ನುತ್ತಿದ್ದಾರೆ. ಆಫೀಸಿನಲ್ಲಿ ಕೇಳಿದರೆ, ಆಗಸ್ಟ್ ಆದಮೇಲೆ ಕಾಡ್ಗಿಚ್ಚು ಬಂದು ಕಾಡೇ ಮುಚ್ಚಿಬಿಡಬಹುದು ಅಂತಾರೆ. ಬುಕ್ ಮಾಡಲಾ, ಬೇಡವಾ? ಮಗನಿಗೆ ಸ್ವಲ್ಪ ವೀಸಿಂಗ್ ಇದೆ. ಹೊಗೆ ಇರುವ ದಿನ ಸವಾರಿ ಮಾಡಬಹುದಾ? ಅನುಭವ ಇದ್ದವರು ಹೇಳಿ.

ಮೈಸೂರಿನವಳು

ಬುಕ್ ಮಾಡಬೇಡಿ. ನನ್ನ ಕಥೆ ಕೇಳಿ ಆಮೇಲೆ ನಿರ್ಧಾರ ಮಾಡಿ.

2021ರ ಲೇಬರ್ ಡೇ ರಜೆ. ಸೌತ್ ಲೇಕ್ ಟಾಹೋದಲ್ಲಿ ಸೆಪ್ಟೆಂಬರ್ 3ರಿಂದ 7ರವರೆಗೆ, ನಾಲ್ಕು ರಾತ್ರಿಗೆ ಮನೆ ಹಿಡಿದಿದ್ದೆವು. 1,840 ಡಾಲರ್. ಕ್ಲೀನಿಂಗ್ ಫೀ 210 ಬೇರೆ. ಎರಡು ಸೈಕಲ್‌ಗೂ ಫೋರ್ಕ್ ಸರ್ವಿಸ್, ಟೈರ್, ಬ್ರೇಕ್ ಪ್ಯಾಡ್ ಅಂತ 615. ಮಿಸ್ಟರ್ ಟೋಡ್ಸ್ ಟ್ರೇಲ್ ಇಳಿಯಬೇಕು ಅಂತ ಆರು ತಿಂಗಳಿಂದ ಕಾದಿದ್ದೆ.

ಆಗಸ್ಟ್ 14ಕ್ಕೆ ಕಾಲ್ಡೋರ್ ಬೆಂಕಿ ಹೊತ್ತಿಕೊಂಡಿತು. ಆಗ ಅದು ಬೆಟ್ಟದ ಆ ಕಡೆ, ಎಷ್ಟೋ ಕೆಳಗಿತ್ತು. ಮೇಲೆಲ್ಲ ಬಂಡೆ, ದಾಟಿ ಬರೋದಿಲ್ಲ ಅಂತ ಎಲ್ಲರೂ ಧೈರ್ಯ ಹೇಳಿದರು. 30ನೇ ತಾರೀಕು ಊರಿಗೆ ಊರೇ ಖಾಲಿ ಮಾಡಿಸಿದರು. ಮರುದಿನ ರಾತ್ರಿಯಿಂದ ಕ್ಯಾಲಿಫೋರ್ನಿಯಾದ ನ್ಯಾಷನಲ್ ಫಾರೆಸ್ಟ್‌ಗಳೆಲ್ಲ ಹೆಚ್ಚುಕಡಿಮೆ ಬಂದ್.

ದುಡ್ಡು ವಾಪಸ್ ಕೇಳಿದೆ. ಮನೆ ಮಾಲೀಕರು ಏನಂದರು ಗೊತ್ತಾ? 5ನೇ ತಾರೀಕು ಜನರನ್ನು ಊರೊಳಗೆ ಬಿಟ್ಟರಲ್ಲ, ಉಳಿದ ಎರಡು ರಾತ್ರಿ ನೀವು ಬರಬಹುದಿತ್ತು ಅಂದರು. ಆ ಹೊಗೆಯಲ್ಲಿ, ಮುಚ್ಚಿದ ಕಾಡಿನ ಎದುರು ಕೂತು ಏನು ಮಾಡಬೇಕಿತ್ತು? ಏಳು ವಾರ, 23 ಇಮೇಲ್. ಕೊನೆಗೆ 820 ಬಂತು. ಕ್ಲೀನಿಂಗ್ ಫೀ ಕೊಡಲೇ ಇಲ್ಲ. ನಾವು ಕಾಲೇ ಇಡದ ಮನೆಗೆ ಕ್ಲೀನಿಂಗ್!

ಇನ್ಶುರೆನ್ಸ್ ನಾನು ಆಗಸ್ಟ್ 19ಕ್ಕೆ ಮಾಡಿಸಿದ್ದೆ. ಬೆಂಕಿ ಶುರುವಾಗಿದ್ದು 14ಕ್ಕೆ. ಮೊದಲೇ ಗೊತ್ತಿದ್ದ ಬೆಂಕಿಗೆ ಕೊಡಲ್ಲ ಅಂದರು. ಆ 94 ಡಾಲರ್ ಕೂಡ ಹೋಯಿತು. ಮಾಡಿಸೋದಾದರೆ ಬುಕ್ ಮಾಡಿದ ದಿನವೇ ಮಾಡಿಸಿ. ಅದರಲ್ಲೂ ಟ್ರೇಲ್ ಮುಚ್ಚಿದೆ ಅನ್ನೋದು ನಮ್ಮ ಪಾಲಿಸಿಯಲ್ಲಿ ಕಾರಣವೇ ಅಲ್ಲ. ಉಳಿಯುವ ಮನೆಗೆ ಹೋಗೋಕಾಗದಿದ್ದರೆ ಮಾತ್ರ ಲೆಕ್ಕ. ಸಣ್ಣ ಅಕ್ಷರ ಓದಿ.

ಕುಂದಾಪುರ ಕಡಲು

ನಾನು ಈ ತಲೆನೋವೇ ಬೇಡ ಅಂತ 2020ರಲ್ಲೇ ತೀರ್ಮಾನ ಮಾಡಿದೆ. ಜುಲೈ ಆದಮೇಲೆ ಸಿಯೆರಾ ಬೆಟ್ಟದ ಕಡೆ ತಲೆ ಹಾಕೋದಿಲ್ಲ. ಸ್ಯಾಂಟಾ ಕ್ರೂಜ್ ಕಡೆ ಮಾತ್ರ. ವೈಲ್ಡರ್ ರಾಂಚ್, ಸೊಕೆಲ್ ಡೆಮೋ ಫಾರೆಸ್ಟ್. ಬೆಳಿಗ್ಗೆ ಏಳಕ್ಕೆ ಮಂಜು ಕವಿದಿರುತ್ತೆ, ರೆಡ್‌ವುಡ್ ಮರದಿಂದ ತಟತಟ ನೀರು ತೊಟ್ಟಿಕ್ಕುತ್ತೆ. ಆಗಸ್ಟ್‌ನಲ್ಲಿ!

ಅದಕ್ಕೂ ಮುಂಚೆ ಟಾಹೋ ಹತ್ತಿರದ ಒಂದು ಬೈಕ್ ಪಾರ್ಕ್‌ಗೆ ಸೀಸನ್ ಪಾಸ್ ಕೊಂಡಿದ್ದೆ. 489 ಡಾಲರ್. ಹೋಗಿದ್ದು ಮೂರೇ ದಿನ. ದಿನಕ್ಕೆ 163 ಡಾಲರ್ ಬಿತ್ತು, ಪೆಟ್ರೋಲ್ ಬಿಟ್ಟು. ಆಮೇಲೆ ದೊಡ್ಡ ಸೈಕಲ್ ಮಾರಿ 130 ಮಿಲಿಮೀಟರ್ ಸಸ್ಪೆನ್ಷನ್ ಇರುವ ಚಿಕ್ಕದು ತಗೊಂಡೆ. ಮಾರುವಾಗ 1,100 ಲುಕ್ಸಾನು. ಒಂದು ದಿನವೂ ಬೇಜಾರಾಗಿಲ್ಲ. ನಾವು ಕಡಲ ಮಗ್ಗುಲಲ್ಲಿ ಹುಟ್ಟಿದವರು, ಕಡಲ ಗಾಳಿಯನ್ನು ನಂಬುತ್ತೇವೆ. ಕರಾವಳಿ ಸೇಫ್.

ಬೋಲ್ಡರ್ ಕ್ರೀಕ್ ಸುಮಾ

ಕುಂದಾಪುರದವರೇ, ದಯವಿಟ್ಟು "ಕರಾವಳಿ ಸೇಫ್" ಅಂತ ಹೊಸಬರಿಗೆ ಹೇಳಬೇಡಿ. ನೀವು ತೀರ್ಮಾನ ಮಾಡಿದ ಅದೇ 2020ರಲ್ಲಿ ನಾವು ಮನೆ ಬಿಟ್ಟು ಓಡಿದ್ದು ಇದೇ ಸ್ಯಾಂಟಾ ಕ್ರೂಜ್ ಬೆಟ್ಟದಿಂದ.

ಆಗಸ್ಟ್ 16ರ ಬೆಳಗಿನ ಜಾವ ಮಳೆಯೇ ಇಲ್ಲದ ಸಿಡಿಲು. ಮೂರನೇ ದಿನಕ್ಕೆ ಬಾಗಿಲ ಮುಂದೆ ಎಲೆ ಬೀಳತೊಡಗಿದವು. ಇಡೀ ಎಲೆ, ನರ ನರವೂ ಕಾಣುತ್ತಿತ್ತು, ಆದರೆ ಪೂರ್ತಿ ಕಪ್ಪು. ಮಗಳು ಒಂದನ್ನು ಬೆರಳಲ್ಲಿ ಮುಟ್ಟಿದಳು. ಪುಡಿಯಾಗಿ ಹೋಯಿತು. ಆಗಲೇ ಪಾಸ್‌ಪೋರ್ಟ್ ಹುಡುಕಲು ಒಳಗೆ ಓಡಿದೆ.

ನಮ್ಮವರು ಕಾರಿನ ರ್‍ಯಾಕ್‌ಗೆ ಎರಡು ಸೈಕಲ್ ಕಟ್ಟಿದರು. ಅಮ್ಮನ ಹಾರ್ಮೋನಿಯಂ ಮನೆಯಲ್ಲೇ ಉಳಿಯಿತು. ಮನೆ ಸುಡಲಿಲ್ಲ, ದೇವರು ದೊಡ್ಡವನು. ಹಾರ್ಮೋನಿಯಂ ತಿದಿಯಿಂದ ಹೊಗೆ ವಾಸನೆ ಇವತ್ತಿಗೂ ಹೋಗಿಲ್ಲ. ಆ ಬೆಂಕಿ 86,000 ಎಕರೆ ಮೀರಿತು. ಇದೇ ಬೆಟ್ಟದ ಬಿಗ್ ಬೇಸಿನ್ ಪಾರ್ಕ್ ಮತ್ತೆ ತೆರೆದಿದ್ದು 2022ರ ಜುಲೈಗೆ, ಅದೂ ಸ್ವಲ್ಪ ಭಾಗ, ಅದೂ ರಿಸರ್ವೇಶನ್ ಮಾಡಿದವರಿಗೆ. ಮಂಜು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಷ್ಟೇ.

ಕುಂದಾಪುರ ಕಡಲು

ಸುಮಾ ಅವರೇ, ನಿಮಗಾದ ಕಷ್ಟ ದೊಡ್ಡದು, ಒಪ್ಪಿದೆ. ನಾನು ಹೇಳಿದ್ದು ಸವಾರಿ ಮಾಡೋಕೆ ಸಿಗುವ ದಿನಗಳ ಬಗ್ಗೆ. ಕಳೆದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನನಗೆ 31 ಸವಾರಿ ಆಗಿದೆ. ಸಿಯೆರಾ ನಂಬಿಕೊಂಡವರಿಗೆ ಎಷ್ಟಾಯಿತು, ಹೇಳಲಿ ನೋಡೋಣ.

ದಾವಣಗೆರೆ ಪೆಡಲ್

ನಾನು ಸ್ಯಾನ್ ಡಿಯಾಗೋ. 2021ರ ಬಂದ್ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಬೆಂಕಿ ಎಲ್ಲಿ? ಟಾಹೋದಲ್ಲಿ. ನಾವೆಲ್ಲಿ? ಮೆಕ್ಸಿಕೋ ಗಡಿ ಪಕ್ಕ. ಬೀದರಿನಲ್ಲಿ ಬೆಂಕಿ ಬಿದ್ದರೆ ಕೊಡಗಿನ ದಾರಿ ಮುಚ್ಚಿದ ಹಾಗೆ. ಉತ್ತರದಲ್ಲಿ ಸುಮಾರು ಕಾಡು ಸೆಪ್ಟೆಂಬರ್ 15ಕ್ಕೇ ತೆರೆದರು. ನಮ್ಮ ಕಡೆಯ ನಾಲ್ಕನ್ನು 22ರವರೆಗೆ ಎಳೆದರು.

ನಾನು ಹೋದೆ. ಮುಚ್ಚುಮರೆ ಇಲ್ಲ. ಬೆಳಿಗ್ಗೆ ಐದೂವರೆಗೆ ಹೋಗಿ ಒಂಬತ್ತಕ್ಕೆ ವಾಪಸ್ ಬಂದರೆ ಕಾರಿನ ವೈಪರ್ ಕೆಳಗೆ ಚೀಟಿ. 250 ದಂಡ, ಮೇಲೆ 30 ಪ್ರೊಸೆಸಿಂಗ್. 280 ಕಟ್ಟಿದೆ. ಟ್ರೇಲ್‌ನಲ್ಲಿ ನರಪಿಳ್ಳೆ ಇರಲಿಲ್ಲ, ಒಂದು ಬೆಂಕಿಕಡ್ಡಿಯೂ ನನ್ನ ಹತ್ತಿರ ಇರಲಿಲ್ಲ. ತೆರಿಗೆ ಕಟ್ಟೋರು ನಾವು. ಯಾರಿಗೆ ಏನು ತೊಂದರೆ ಮಾಡಿದೆ, ಹೇಳಿ.

ಪ್ಲೂಮಸ್ ಗರಗಸ

ಹೇಳ್ತೀನಿ. ಕೂತು ಓದಿ.

ನಾನು ಚೀಕೋದಲ್ಲಿದ್ದೇನೆ. ಡಿಕ್ಸಿ ಬೆಂಕಿ 2021ರ ಜುಲೈ 13ಕ್ಕೆ ಶುರುವಾಗಿ 9,63,309 ಎಕರೆ ತಿಂದಿತು. ಆಗಸ್ಟ್ 4ಕ್ಕೆ ಗ್ರೀನ್‌ವಿಲ್ ಅನ್ನೋ ಊರೇ ಹೋಯಿತು. ಅದರ ಮೇಲೆ ಕಾಲ್ಡೋರ್. ಬೆಂಕಿ ಆರಿಸುವವರು, ಹೆಲಿಕಾಪ್ಟರ್, ಬುಲ್ಡೋಜರ್ ಎಲ್ಲ ಉತ್ತರದಲ್ಲಿ. ಅಂಥ ಹೊತ್ತಲ್ಲಿ ನೀವು ಒಬ್ಬರೇ ಬಂಡೆ ಮೇಲೆ ಬಿದ್ದು ತೊಡೆ ಮುರಿದುಕೊಂಡಿದ್ದರೆ ಎತ್ತೋಕೆ ಯಾರು ಬರಬೇಕಿತ್ತು? ಬೆಂಕಿಕಡ್ಡಿ ಇರಲಿಲ್ಲ ಅಂತೀರಿ. ಒಣ ಹುಲ್ಲಿನ ಮೇಲೆ ನಿಲ್ಲಿಸಿದ ಬಿಸಿ ಕಾರು ಸಾಕು. ನಿಮಗೆ 280ಕ್ಕೆ ಮುಗಿಯಿತು. ಆ ಆದೇಶದಲ್ಲಿ ಇದ್ದಿದ್ದು 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಬೆಂಕಿ ಆರಿದ ಮೇಲೂ ಯಾಕೆ ತೆರೆಯಲ್ಲ ಅಂತ ಎಲ್ಲರೂ ಕೇಳ್ತಾರೆ. ನಾನು ಮೂರು ವರ್ಷದಿಂದ ಶನಿವಾರ ಶನಿವಾರ ಟ್ರೇಲ್ ಕೆಲಸಕ್ಕೆ ಹೋಗ್ತಿದ್ದೇನೆ. ಮರ ಸುಟ್ಟರೆ ಮೇಲೆ ಕಾಣೋದು ಮಾತ್ರ ಅಲ್ಲ, ಬೇರು ನೆಲದೊಳಗೇ ವಾರಗಟ್ಟಲೆ ಕೆಂಡವಾಗಿ ಉರಿಯುತ್ತೆ. ಉರಿದು ಮುಗಿದ ಮೇಲೆ ಅಲ್ಲಿ ಪೊಳ್ಳು ಸುರಂಗ. ಮೇಲೆ ಎರಡಿಂಚು ಮಣ್ಣಿನ ಹೆಪ್ಪು, ನೋಡೋಕೆ ಗಟ್ಟಿ ದಾರಿ. ನನ್ನ ಎದುರೇ ಒಬ್ಬರ ಮುಂದಿನ ಚಕ್ರ ಹಬ್‌ವರೆಗೂ ಇಳಿಯಿತು. ಭುಜದ ಮೂಳೆ ಎರಡು ಕಡೆ ಮುರಿಯಿತು. ಒಳಗೆ ಕೈ ಹಾಕಿ ನೋಡಿದೆ, ಮೊಣಕೈ ದಾಟಿತು, ತುದಿ ಸಿಗಲಿಲ್ಲ.

ಇನ್ನು ನಿಂತಲ್ಲೇ ಸತ್ತ ಮರಗಳು. ಗಾಳಿ ಇಲ್ಲದ ದಿನವೂ ಸದ್ದಿಲ್ಲದೆ ಬೀಳ್ತವೆ. ನೀರು ಹರಿಯಲು ಇಟ್ಟ ಮರದ ದಿಮ್ಮಿ ಸುಟ್ಟಿರುತ್ತೆ, ಕಾಲುಸೇತುವೆ ಸುಟ್ಟಿರುತ್ತೆ. ಜೋರಾಗಿ ಸುಟ್ಟ ಮಣ್ಣು ನೀರು ಕುಡಿಯೋದಿಲ್ಲ, ಎಣ್ಣೆ ಸವರಿದ ಕಾವಲಿ ಥರ ಮಾಡುತ್ತೆ. ಮೊದಲ ದೊಡ್ಡ ಮಳೆಗೆ ದಾರಿ ಪೂರ್ತಿ ಕೆಳಗೆ. ಎರಡನೇ ವರ್ಷ ಮುಳ್ಳುಪೊದೆ ಸೊಂಟದೆತ್ತರ ಬರುತ್ತೆ. ಹನ್ನೊಂದು ಜನ ಐದು ದಿನ ಕೆಲಸ ಮಾಡಿ ಎರಡು ಮೈಲಿ ಬಿಡಿಸಿದ್ದೇವೆ. ಲಾಪರ್ (ಕೊಂಬೆ ಕತ್ತರಿ) ಹಿಡಿದು ನನ್ನ ಬಲಗೈ ಹೆಬ್ಬೆರಳು ಈಗ ಸರಿಯಾಗಿ ಮಡಚೋದಿಲ್ಲ. ನಾನೇ ಇಷ್ಟಪಟ್ಟು ಹೋದದ್ದು, ಬೇಸರ ಇಲ್ಲ. ಆದರೆ ಟೇಪ್ ದಾಟಿ ಬಂದು ಅದೇ ಸಡಿಲ ಮಣ್ಣಿನಲ್ಲಿ ಬ್ರೇಕ್ ಎಳೆದು ಹೋಗೋರನ್ನು ನೋಡಿದರೆ ತಡೆಯೋಕಾಗಲ್ಲ.

ದಾವಣಗೆರೆ ಪೆಡಲ್

ನಾನು ಹೋದದ್ದು ಸುಟ್ಟ ಟ್ರೇಲ್‌ಗೆ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸುಟ್ಟ ಕಡೆ ನಾನೂ ಹೋಗಲ್ಲ. ಮತ್ತೆ ಗರಗಸ ಹಿಡಿದವರಿಗೆ ಮಾತ್ರ ಕಾಡಿನ ಮೇಲೆ ಪ್ರೀತಿ ಅನ್ನೋ ಧಾಟಿ ಬೇಡ. ನನಗೆ ಇಬ್ಬರು ಚಿಕ್ಕ ಮಕ್ಕಳು, ಶನಿವಾರವೂ ಶಿಫ್ಟ್.

ಹುಬ್ಬಳ್ಳಿ ಬ್ಯಾಟರಿ

ಗರಗಸ ಅಣ್ಣಾ, ನಾನೂ ಒಮ್ಮೆ ಟ್ರೇಲ್ ಕೆಲಸಕ್ಕೆ ಬಂದಿದ್ದೆ. ಕೆಲಸ ಆಗುತ್ತಿದ್ದ ಜಾಗಕ್ಕೆ ಇ-ಬೈಕ್‌ನಲ್ಲಿ ಸಾಮಾನು ಹೊತ್ತು ತರ್ತೀನಿ ಅಂದರೆ ಇಲ್ಲಿ ಮೋಟಾರ್ ನಡೆಯಲ್ಲ ಅಂದರು. ನನಗೆ 54 ವರ್ಷ, ಎಡ ಮೊಣಕಾಲು ಬದಲಾಯಿಸಿದೆ. ಕೈಗರಗಸ, ನೀರು, ಎರಡು ಲಾಪರ್, ಎಲ್ಲ ಸೇರಿ 14 ಕಿಲೋ ಹೊತ್ತು ಮೂರು ಮೈಲಿ ನಡೆದೆ. ನಾಲ್ಕು ದಿನ ಮಂಚ ಬಿಟ್ಟು ಏಳಲಿಲ್ಲ. ದುಡಿಯೋಕೆ ಬಂದವನಿಗೂ ಈ ನಿಯಮವಾ?

ಪ್ಲೂಮಸ್ ಗರಗಸ

ನ್ಯಾಷನಲ್ ಫಾರೆಸ್ಟ್‌ನಲ್ಲಿ ಇ-ಬೈಕ್ ಅಂದರೆ ಮೋಟಾರ್ ವಾಹನವೇ ಅಣ್ಣಾ. ಮೋಟಾರ್ ವಾಹನ ಬಿಡುವ ರಸ್ತೆ, ಟ್ರೇಲ್‌ನಲ್ಲಿ, ಇಲ್ಲವೇ ಇ-ಬೈಕ್‌ಗೆ ಅಂತಲೇ ಬಿಟ್ಟ ಟ್ರೇಲ್‌ನಲ್ಲಿ ಓಡಿಸಬಹುದು, ಬೇರೆ ಕಡೆ ಇಲ್ಲ. ನಿಯಮ ನನ್ನದಲ್ಲ. ಅಷ್ಟು ಹೊತ್ತು ನಡೆಸಬಾರದಿತ್ತು, ಅದು ತಪ್ಪು. ನಾನಿದ್ದಿದ್ದರೆ ನಿಮ್ಮ ಕೈಯಿಂದ ಇಸ್ಕೊಳ್ತಿದ್ದೆ.

ಕುಂದಾಪುರ ಕಡಲು

ಬಿಸಿ ಕಾರಿನಿಂದ ಬೆಂಕಿ ಹತ್ತುತ್ತೆ ಅಂತೀರಿ, ಅಷ್ಟು ದೊಡ್ಡ ಬ್ಯಾಟರಿ ಒಣ ಕಾಡಿನಲ್ಲಿ ಬಿದ್ದು ಒಡೆದರೆ? ಅದನ್ನು ಯಾಕೆ ಯಾರೂ ಕೇಳಲ್ಲ?

ಹುಬ್ಬಳ್ಳಿ ಬ್ಯಾಟರಿ

ಕುಂದಾಪುರದವರೇ, ನಿಮ್ಮ ಕಾರಲ್ಲೂ ಬ್ಯಾಟರಿ ಇದೆ, ಜೇಬಲ್ಲೂ ಇದೆ. ಮೊಣಕಾಲು ಬದಲಾದ ಮೇಲೆ ಮಾತಾಡೋಣ.

ಆಲ್ಟಡೀನಾ

ಇಷ್ಟೆಲ್ಲ ಓದಿದೆ. ನಮ್ಮದು ಲಾಸ್ ಏಂಜಲೀಸ್ ಪಕ್ಕದ ಆಲ್ಟಡೀನಾ. 2025ರ ಜನವರಿ 7ರ ರಾತ್ರಿ ಈಟನ್ ಬೆಂಕಿ. ಜನವರಿ! ಸೀಸನ್ ಅಂತ ನೀವು ಹೇಳುವ ತಿಂಗಳೇ ಅಲ್ಲ. ಎಂಟು ತಿಂಗಳಿಂದ ಹೇಳಿಕೊಳ್ಳುವಂಥ ಮಳೆ ಬಿದ್ದಿರಲಿಲ್ಲ, ಮೇಲೆ ಆ ಗಾಳಿ. 9,000ಕ್ಕೂ ಜಾಸ್ತಿ ಕಟ್ಟಡ ಹೋದವು. ನಮ್ಮ ಬೀದಿಯಲ್ಲಿ ಉಳಿದದ್ದು ಮೂರು ಮನೆ, ಅದರಲ್ಲಿ ನಮ್ಮದೊಂದು.

ಭಾನುವಾರ ಬೆಳಿಗ್ಗೆ ನಾನು ಮೌಂಟ್ ವಿಲ್ಸನ್ ಟೋಲ್ ರೋಡ್ ಹತ್ತುತ್ತಿದ್ದೆ. ಒಂಬತ್ತು ವರ್ಷ ತಪ್ಪಿಸಿಲ್ಲ. ಈಗ ಅಡುಗೆಮನೆ ಕಿಟಕಿಯಿಂದ ಆ ಬೆಟ್ಟ ಕಾಣುತ್ತೆ, ಮಧ್ಯೆ ಇದ್ದ ಮನೆಗಳು ಇಲ್ಲವಲ್ಲ, ಅದಕ್ಕೆ. ಪಕ್ಕದ ಮನೆಯ ಹಿರಿಯರು ಪ್ರತಿ ಯುಗಾದಿಗೆ ನಮ್ಮಲ್ಲಿ ಒಬ್ಬಟ್ಟು ತಿನ್ನುತ್ತಿದ್ದರು. ಈಗ ಅರಿಝೋನಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಟ್ರೇಲ್ ಯಾವಾಗ ತೆರೆಯುತ್ತೆ ಅಂತ ನಾನು ಯಾರನ್ನೂ ಕೇಳಿಲ್ಲ. ಕೇಳೋಕೆ ಬಾಯಿ ಬರೋದಿಲ್ಲ.

ಬೋಲ್ಡರ್ ಕ್ರೀಕ್ ಸುಮಾ

ಅಕ್ಕನೋ ಅಣ್ಣನೋ ಗೊತ್ತಿಲ್ಲ. ಏನಾದರೂ ಬೇಕಿದ್ದರೆ ಹೇಳಿ. ಮನೆಯ ಹೊಗೆ ವಾಸನೆ ತೆಗೆಸೋಕೆ ನಾವು ಪಟ್ಟ ಪಾಡು ಎಲ್ಲ ಬರೆದಿಟ್ಟಿದ್ದೇನೆ, ಕಳಿಸ್ತೀನಿ.

ಮೂಡಿಗೆರೆ ವಾಪಸ್

ಸ್ಯಾಕ್ರಮೆಂಟೊದಲ್ಲಿ ಹತ್ತು ವರ್ಷ ಇದ್ದು ಊರಿಗೆ ಬಂದವನು ನಾನು. ಇಲ್ಲಿಗೆ ಬಂದರೆ ಬೆಂಕಿ ತಪ್ಪುತ್ತೆ ಅಂದುಕೊಂಡಿದ್ದೆ. ಇಲ್ಲಿ ಫೆಬ್ರವರಿಯಿಂದ ಮೊದಲ ಮಳೆವರೆಗೆ ಅದೇ ಪಾಡು. ಕುದುರೆಮುಖ, ಕುಮಾರಪರ್ವತ ಎಲ್ಲ ಬೇಸಿಗೆಯಲ್ಲಿ ನಿಲ್ಲಿಸ್ತಾರೆ. ಎರಡು ಸೈಕಲ್ ಹಡಗಿನಲ್ಲಿ ತರಿಸಿದ್ದೆ. ಕಸ್ಟಮ್ಸ್ ಸೇರಿ ಕೈ ಬಿಟ್ಟಿದ್ದು 96,000 ರೂಪಾಯಿ. ಮಾರ್ಚ್ ಪೂರ್ತಿ ತೋಟದ ರಸ್ತೆಯಲ್ಲಿ ಸುತ್ತೋದು.

ನಾನು ಬೈಯೋದಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಬದುಕಿ ಬರಲಿಲ್ಲ, ಚಿಕ್ಕ ವಯಸ್ಸು. ನಮ್ಮ ಕಡೆ ಬೆಂಕಿ ಆರಿಸೋದು ಹಸಿ ಸೊಪ್ಪಿನ ಕೊಂಬೆ ಬಡಿದು. ಹೆಲಿಕಾಪ್ಟರ್ ಕಾಣೋದು ಯಾವಾಗಲೋ ಒಮ್ಮೆ.

ದಾವಣಗೆರೆ ಪೆಡಲ್

ಆಲ್ಟಡೀನಾದವರ ಮಾತು ಓದಿದ ಮೇಲೆ ನನ್ನ 280 ಡಾಲರ್ ಮಾತು ಎತ್ತೋದಿಲ್ಲ. ರಾಜ್ಯವಿಡೀ ಬಂದ್ ಮಾಡಿದ್ದು ಸರಿಯಿಲ್ಲ ಅನ್ನೋದನ್ನು ಮಾತ್ರ ಬಿಡೋದಿಲ್ಲ.

ಫಾಲ್ಸಮ್ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದೊಡ್ಡ ವಿಷಯ ಅಂತ ಗೊತ್ತಿರಲಿಲ್ಲ. ಎರಡು ಪ್ರಶ್ನೆ ಇನ್ನೂ ಉಳಿದಿದೆ. ಹೊಗೆ ಇರುವ ದಿನ ಮಗನ ಸವಾರಿ? ಮತ್ತೆ ಸೆಪ್ಟೆಂಬರ್ ಬದಲು ಜೂನ್‌ನಲ್ಲಿ ಹೋದರೆ?

ಪ್ಲೂಮಸ್ ಗರಗಸ

ಜೂನ್ ನಂಬಬೇಡಿ. ಸೈಕಲ್ ಸಮೇತ ಮೇಲೆ ಕರ್ಕೊಂಡು ಹೋಗುವ ಡೌನೀವಿಲ್ ಶಟಲ್ ವ್ಯಾನ್ ಬಿಡೋದು ಪ್ಯಾಕರ್ ಸ್ಯಾಡಲ್‌ನಲ್ಲಿ, 7,000 ಅಡಿ. 2023ರಲ್ಲಿ ಜೂನ್ ಪೂರ್ತಿ ಅಲ್ಲಿ ಹಿಮ. ಹಿಮ ಕರಗಿ ಹೊಗೆ ಬರುವ ಮುಂಚೆ ಸಿಗೋದು ಐದಾರು ವಾರ. ಜುಲೈ ಎರಡನೇ ವಾರ ನೋಡಿ. ವೀಸಿಂಗ್ ಇರುವ ಹುಡುಗ ಅಂದಿರಿ. ನನ್ನ ಮಗಳಿಗೂ ಇದೆ. ಏರ್ ಕ್ವಾಲಿಟಿ ನಂಬರ್ 100 ದಾಟಿದರೆ ಅವಳ ಸೈಕಲ್ ಗ್ಯಾರೇಜ್‌ನಿಂದ ಹೊರಗೆ ಬರೋದಿಲ್ಲ. ಊರಿನ ನಂಬರ್ ನೋಡಬೇಡಿ, ಟ್ರೇಲ್ ಹತ್ತಿರದ ಸೆನ್ಸರ್ ನೋಡಿ. ಕಣಿವೆಯಲ್ಲಿ ಬೆಳಿಗ್ಗೆ ಹೊಗೆ ಕೆಳಗೇ ಕೂತಿರುತ್ತೆ. ಒಮ್ಮೆ 90 ಅಂತ ಹೊರಟು ಕೆಳಗಿಳಿದಾಗ 170 ಇತ್ತು. ಮೂರು ರಾತ್ರಿ ನೆಬ್ಯುಲೈಸರ್.

ಇಷ್ಟ ಇದ್ದರೆ ಒಂದು ಶನಿವಾರ ಮಗನನ್ನು ಕರ್ಕೊಂಡು ಕೆಲಸಕ್ಕೆ ಬನ್ನಿ. ಉದ್ದ ತೋಳಿನ ಅಂಗಿ, ಚರ್ಮದ ಗ್ಲೌಸ್, ಬೂಟು. ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಓಕ್ ಎಲೆ ಯಾವುದು ಅಂತ ಬರುವ ಮುಂಚೆ ಅವನಿಗೆ ತೋರಿಸಿ.

ಫಾಲ್ಸಮ್ ಅಪ್ಪ

ಬರ್ತೀವಿ ಅಣ್ಣಾ. ಸೆಪ್ಟೆಂಬರ್ ಬಿಟ್ಟೆ. ಜುಲೈ 10ರಿಂದ ಮೂರು ರಾತ್ರಿಗೆ ಬೇರೆ ಕ್ಯಾಬಿನ್ ಮಾತಾಡಿದೆ. ಕಾಡು ಮುಚ್ಚಿದರೆ ದುಡ್ಡು ವಾಪಸ್ ಅಂತ ಫೋನಿನಲ್ಲಿ ಒಪ್ಪಿದ್ದಾರೆ.

ಮೈಸೂರಿನವಳು

ಫೋನಿನಲ್ಲಿ ಅಲ್ಲ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕ್ಲೀನಿಂಗ್ ಫೀ ಸೇರಿ ಅಂತ ಬರೆಸಿ.